ಎರಡನೆಯ ತೂತು

ಇಪ್ಪತ್ತು ನಿಮಿಷ. ಅಷ್ಟೇ ಅದರ ಆಯುಷ್ಯ.
ಇಪ್ಪತ್ತೊಂದಕ್ಕೆ ಕೆಮ್ಮಿ, ಕುಂಟಿ,
ಪೆನಾಲ್ಟಿ ಗೆರೆಯ ಮೇಲೆ ನಿಂತುಬಿಡುತ್ತದೆ,
ಅರ್ಧ ಕ್ಷೌರವಾದ ಮೈದಾನದ ನಡುವೆ.

ಊರು ಅಹ್ಮದಿ. ಕಾಲ ಕೆಳಗೆ
ಎಷ್ಟು ಎಣ್ಣೆ ಇದೆಯೋ ಭೂಮಿಗೇ ಲೆಕ್ಕವಿಲ್ಲ.
ಬುರ್ಗಾನಿನ ದಿಕ್ಕಿಗೆ ಬೆಳಗಾಗುವ ಮೊದಲೇ
ಬೆಂಕಿಯ ನಾಲಗೆಯೊಂದು ಆಕಾಶ ನೆಕ್ಕುತ್ತಿರುತ್ತದೆ.
ಇಲ್ಲಿ ಒಂದು ಚಮಚ ಪೆಟ್ರೋಲು
ಟ್ಯಾಂಕಿನಿಂದ ಕಾರ್ಬುರೇಟರಿಗೆ
ಮೊಳದುದ್ದ ದಾರಿ ನಡೆಯಲೊಲ್ಲದು.

ಓಡಿಸುವವನು ನೋವಾಖಾಲಿಯ ಮೊಫಿಜುಲ್.
ಯಂತ್ರಕ್ಕೆ ಎಮ್ಮೆ ಎನ್ನುತ್ತಾನೆ.
ನಿಂತಾಗೆಲ್ಲ ಇಳಿದು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು
ಜ್ವರ ನೋಡಿದ ಹಾಗೆ ನೋಡುತ್ತಾನೆ.
ಮಾತು ಕಡಿಮೆ. ಮತ್ತೆ ನಿಂತಿತು ಅನ್ನುವುದೊಂದೇ
ನಮ್ಮಿಬ್ಬರ ಮುರುಕು ಹಿಂದಿಯಲ್ಲಿ ಈ ವಾರದ ಸಂಭಾಷಣೆ.

ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದೆ:
ತಳದಲ್ಲಿ ಚಹಾಪುಡಿಯ ಹಾಗೆ ಮರಳು.
ಇವನೇ ಕಳ್ಳ ಎಂದುಕೊಂಡು ಆ ರಾತ್ರಿ ಗೊರಕೆ ಹೊಡೆದೆ.
ಮರುದಿನ, ಬಿಸಿಲಿಗೆ ಬೆಂದ ರಬ್ಬರು ಪೈಪು
ಹೊಸದಾಯಿತು. ಕ್ಲಿಪ್ಪು ಬಿಗಿಯಿತು.
ಆಮೇಲೆ ಪಂಪು. ಎಂಜಿನ್ನಿನ ಉಸಿರಿಗೇ ಮಿಡಿಯುವ
ಹಪ್ಪಳದಂಥ ಪೊರೆ,
ಬೆರಳಲ್ಲಿ ಒತ್ತಿ ನೋಡಿದೆ, ಒಂದು ಗೀರೂ ಇಲ್ಲ.
ಬಟ್ಟಲು ಇಳಿಸಿ, ಜೆಟ್ಟಿನೊಳಗೆ ತಂತಿಯ ಎಳೆ ತೂರಿಸಿ
ಆಚೆ ಬದಿಯ ಆಕಾಶ ಕಾಣುವವರೆಗೆ ತೊಳೆದೆ.

ಪ್ರತಿ ಸಲವೂ ಗುಡುಗಿ ಎದ್ದಿತು.
ಪ್ರತಿ ಸಲವೂ ನಾನು ಗೆದ್ದೆ,
ಇಪ್ಪತ್ತು ನಿಮಿಷ.

ಫೋರ್‌ಮನ್ ರಿಫಾತ್ ಗಡಿಯಾರ ತೋರಿಸುತ್ತಾನೆ.
ಹನ್ನೊಂದಾದರೆ ಬಿಸಿಲಿನ ಕಾನೂನು, ಯಾರೂ ಹೊರಗಿರಕೂಡದು.
ಗುರುವಾರ ರಾತ್ರಿ ಪಂದ್ಯ, ಎನ್ನುತ್ತಾನೆ.
ಅರ್ಧ ಹುಲ್ಲಿನಲ್ಲಿ ಅರ್ಧ ಗೋಲು ಹೊಡೆಯಲು ಹೇಳಲೇನು?

ಇವತ್ತು ನಿಂತಾಗ ನಾನು ಪಾನಾ ಮುಟ್ಟಲಿಲ್ಲ.
ಸಿಟ್ಟು ಕೂಡ ತೀರಿಹೋಗಿತ್ತು.
ಪೆಟ್ರೋಲಾದರೂ ಇದೆಯೋ ನೋಡೋಣವೆಂದು
ಟ್ಯಾಂಕಿನ ಮುಚ್ಚಳ ತಿರುವಿದೆ, ಸುಮ್ಮನೆ.

ಸ್ಸ್ಸ್.

ಒಳಕ್ಕೆಳೆದುಕೊಂಡ ಉಸಿರು.
ಬಹಳ ಹೊತ್ತು ಮುಳುಗಿದ್ದವನು ತಲೆಯೆತ್ತಿದ ಸದ್ದು.

ರಾಣೆಬೆನ್ನೂರು, ಸ್ಟೇಷನ್ ರಸ್ತೆ, ಅಪ್ಪನ ಕಿರಾಣಿ ಅಂಗಡಿ.
ಶೇಂಗಾ ಎಣ್ಣೆಯ ಹೊಸ ಡಬ್ಬಿಗೆ
ಅಪ್ಪ ಮೊಳೆಯಿಟ್ಟು ಹೊಡೆಯುತ್ತಿದ್ದ:
ಈ ಮೂಲೆಗೊಂದು, ಎದುರು ಮೂಲೆಗೊಂದು.
ಒಂದರಲ್ಲಿ ಎಣ್ಣೆ ಹೊರಗೆ, ಇನ್ನೊಂದರಲ್ಲಿ ಗಾಳಿ ಒಳಗೆ.
ಎರಡನೆಯದನ್ನು ಹೊಡೆಯಲು ನಾನು ಮರೆತ ದಿನ
ಎಣ್ಣೆ ಗುಳುಗುಳು ಬಿಕ್ಕಿ, ಪಾವಿನ ಹೊರಗೆಲ್ಲ ಚೆಲ್ಲಿ,
ಗಿರಾಕಿಯ ಎದುರೇ ತಲೆಗೊಂದು ಮೊಟಕು.
ಏಳು ವರ್ಷದವನಿಗೆ ಗೊತ್ತಿತ್ತು.
ಹನ್ನೆರಡು ವರ್ಷ ಪಾನಾ ಹಿಡಿದವನಿಗೆ ಮರೆತಿತ್ತು.

ಈ ಮುಚ್ಚಳಕ್ಕೂ ಇದೆ ಆ ತೂತು, ಸಾಸಿವೆಗಿಂತ ಸಣ್ಣದು.
ಧೂಳು, ಗ್ರೀಸು, ಹುಲ್ಲಿನ ರಸ
ಸೇರಿ ಗಾರೆ ಹಾಕಿದ್ದವು.
ಪಿನ್ನು ಇದೆಯಾ ಎಂದೆ.
ಮೊಫಿಜುಲ್ ಎದೆಗೆ ಕೈ ಹಾಕಿದ.
ಕಿತ್ತುಹೋದ ಗುಂಡಿಯ ಜಾಗಕ್ಕೆ ಚುಚ್ಚಿಕೊಂಡಿದ್ದ,
ಬಿಚ್ಚಿ ಕೊಟ್ಟ.
ಅಂಗಿ ಗಾಳಿಗೆ ತೆರೆದುಕೊಂಡಿತು.

ಬಿಡಿಸಿದೆ. ತುಟಿಗಿಟ್ಟು ಊದಿದೆ.
ನಾಲಗೆಯ ತುದಿಗೆ ಪೆಟ್ರೋಲು, ಉಗುಳಿದೆ.
ಅವನು ಚಾವಿ ತಿರುಗಿಸಿದ.

ಬೇಲಿಯ ನೆರಳಿನಲ್ಲಿ ಕೂತು ಎಣಿಸಿದೆ.
ಇಪ್ಪತ್ತು. ಇಪ್ಪತ್ತೆರಡು. ಮೂವತ್ತು.
ಹಿಂದೆ ಉದ್ದಕ್ಕೂ ಕತ್ತರಿಸಿದ ಹುಲ್ಲಿನ ಹಸಿ ವಾಸನೆ,
ಮುಂದೆ ಎಮ್ಮೆ, ಎಮ್ಮೆಯ ಮೇಲೆ ಅವನು,
ಎದೆಯ ಬಳಿ ಬಾವುಟದಂತೆ ಬಡಿಯುವ ಅಂಗಿ.
ತಿರುವಿನಲ್ಲಿ ನನ್ನತ್ತ ಏನೋ ಕೂಗಿದ.
ಸದ್ದಿನಲ್ಲಿ ಕೇಳಲಿಲ್ಲ. ಕೈಯೆತ್ತಿ ನಕ್ಕೆ.
ಮುಂದಿನ ಸುತ್ತಿಗೂ ಕೂಗಿದ, ಅವನದೇ ಭಾಷೆಯಲ್ಲಿ, ಉದ್ದಕ್ಕೆ.
ವಾರವಿಡೀ ಆಡದ್ದನ್ನೆಲ್ಲ ಆಡುತ್ತಿದ್ದಾನೆ ಅಂದುಕೊಂಡೆ,
ಗಂಟಲು ಕಟ್ಟಿ ಬಂತು.

ಮೂರನೆಯ ಸುತ್ತಿಗೆ ತಿಳಿಯಿತು:
ಪಿನ್ನು ಕೇಳುತ್ತಿದ್ದಾನೆ.

ನನ್ನ ಬೆರಳ ಸಂದಿಯಲ್ಲೇ ಇತ್ತು.
ತುದಿ ಕಪ್ಪಗೆ.