ಅಯಸ್ಕಾಂತ

ವೇಲ್ಸಿನಲ್ಲಿ, ಬಾಲಾ ಕೆರೆಯ ಮೇಲಿನ ಕುರಿಕೊಟ್ಟಿಗೆ.
ಎಮ್ರಿಸ್ ಟಾರ್ಪಾಲು ಸರಿಸಿದ:
ಕೆಂಪು ಮಿಡ್ಜೆಟ್, ಎಪ್ಪತ್ತೊಂದರದ್ದು.
ಮಡಚಿಟ್ಟ ಛಾವಣಿಯೊಳಗೆ ಇಲಿಯ ಸಂಸಾರ.

ಡೆಲಿತ್ ಬಣ್ಣಕ್ಕೆ ಮರುಳಾಗುವವಳಲ್ಲ.
ಮೂವತ್ತು ವರ್ಷ ಸೂಲಗಿತ್ತಿ;
ಮೊದಲು ಮುಟ್ಟುವುದು, ಆಮೇಲೆ ಮಾತು.
ಚಿಂದಿ ಸುತ್ತಿದ ಅಯಸ್ಕಾಂತ ಹಿಡಿದು
ಮಂಡಿಯೂರಿ ಅಂಚಿನುದ್ದಕ್ಕೂ ಸವರಿದಳು.
ಹಿಡಿಯಿತು,
ಹಿಡಿಯಿತು,
ಬಾಗಿಲ ಕೆಳಗೆ ಜಾರಿಬಿತ್ತು.

"ಅಲ್ಲಿ ಬರೀ ಪುಟ್ಟಿ," ಅಂದ ಎಮ್ರಿಸ್,
"ಮೆತ್ತಿದ್ದು ನಾನೇ. ಕೈ ಸಾಗಲಿಲ್ಲ ಆ ವರ್ಷ."

ನಿನ್ನೆಯ ಹಸಿರು ಕಾರಿನವನು
ಎಲ್ಲಕ್ಕೂ ರಸೀದಿ ತೋರಿಸಿದ್ದ;
ಅಯಸ್ಕಾಂತ ಕಂಡದ್ದೇ
ಚಹಾಕ್ಕೆ ಕರೆದಿದ್ದ.

ಡೆಲಿತ್ ಎದ್ದು ಮಂಡಿ ಕೊಡವಿದಳು.
"ವೆಲ್ಡಿಂಗ್ ಕಲಿಯೋಕೆ ಎಷ್ಟು ದಿನ ಬೇಕು?"

"ನನಗಿನ್ನೂ ಬಂದಿಲ್ಲ."

ಇನ್ನೂರು ಪೌಂಡು ಇಳಿಸಿದ.
ಇಲಿಗಳನ್ನು ಮಾತ್ರ ತಾನೇ ಇಟ್ಟುಕೊಂಡ.