ಮೂರೂ ಮುಕ್ಕಾಲು

ನೂರ ಹದಿನೆಂಟು ಮೆಟ್ಟಿಲು. ಎಪ್ಪತ್ತರ ಹತ್ತಿರ
ಮುದುಕ ಲಿಯೂವ ನಿಂತು ಕೆಮ್ಮುತ್ತಾನೆ,
ಕಾಲುವೆಯ ಕಡೆ ತೆರೆದ ಕಿಂಡಿಯಲ್ಲಿ
ಫ್ರೀಸ್‌ಲ್ಯಾಂಡಿನ ಗಾಳಿ ಅವನ ಟೋಪಿಯನ್ನೊಮ್ಮೆ ಎತ್ತಿ ನೋಡಿ ಬಿಡುತ್ತದೆ.
ಮೇಲೆ, ಗಡಿಯಾರದ ಬೆನ್ನಿಗೆ,
ನನಗಿಂತ ಎತ್ತರದ ಕಬ್ಬಿಣದ ಉರುಳೆ.
ಮೈತುಂಬ ತೂತು. ತೂತಿಗೊಂದು ಮೊಳೆ ಸಿಕ್ಕಿಸಿದರೆ
ಮೊಳೆ ಸನ್ನೆಯನ್ನು ಎತ್ತುತ್ತದೆ, ಸನ್ನೆ ತಂತಿಯನ್ನು,
ತಂತಿ ಸುತ್ತಿಗೆಯನ್ನು; ಕೈಬಿಟ್ಟಾಗಲಷ್ಟೇ ಗಂಟೆ.
"ನಾಳೆ ಬಾರಿಸಬೇಕಾದ್ದನ್ನು
ಇವತ್ತು ಬರೆದಿಟ್ಟು ಮನೆಗೆ ಹೋಗುವುದು," ಎಂದ.
ಇದು ನನ್ನ ಕಸುಬೇ ಅಲ್ಲವೆ ಎಂದೆ.
ಇರಬಹುದು, ಕೈಗೆ ಗ್ರೀಸ್ ಹತ್ತಿದೆಯೇನು ಎಂದ.

ಹಗಲು ನಾನು ಹಾಲಿನ ಕಾರ್ಖಾನೆಯಲ್ಲಿ
ಆರು ತೊಟ್ಟಿಗಳ ತಣ್ಪು ಕಾಯುವ ಪ್ರೋಗ್ರಾಂ ಬರೆಯುವವಳು.
ಇಷ್ಟು ಡಿಗ್ರಿ ಮೀರಿದರೆ ಹೀಗೆ, ಇಲ್ಲವಾದರೆ ಹಾಗೆ,
ಮತ್ತೆ ಮೊದಲಿಗೆ.
ಯಾರೂ ಅದನ್ನು ಕೇಳಿಲ್ಲ. ಕೇಳುವಂಥದ್ದಲ್ಲ.
ಆದರೆ ಎರಡು ದಿನ ಗಂಟುಬಿದ್ದ ನಲವತ್ತು ಸಾಲು
ಒಂಬತ್ತಕ್ಕೆ ಇಳಿದು ನಿಂತಾಗ
ಮೇಜಿನಡಿ ಕಾಲ್ಬೆರಳು ತಾಳ ಹಾಕಿದ್ದುಂಟು.
ಯಾವ ತಾಳ? ಹೇಳಲಾರೆ.
ಪಕ್ಕದ ಕುರ್ಚಿಯ ಫೋಕೆಲಿನಾ "ಏನಾಯ್ತು?" ಎನ್ನುತ್ತಾಳೆ.
"ಏನಿಲ್ಲ, ಸಮಕ್ಕೆ ಬಂತು."

ಎಲೆ ಉದುರುವ ಕಾಲಕ್ಕೆ ಹಳೆಯ ಹಾಡು ಕಿತ್ತು ಹೊಸದನ್ನು ನೆಟ್ಟೆವು.
ಒಂದು ದಿನ ಪೂರ್ತಿ ಗೋಪುರ ಸುಮ್ಮನಿತ್ತು.
ಆ ರಾತ್ರಿ ಊರಿಗೆ ಊರೇ ಎಚ್ಚರ:
ಏನೋ ಕೇಳಿಸಲಿಲ್ಲವಲ್ಲ ಎಂದು
ಕಿಟಕಿ ತೆರೆದು ನೋಡಿದವರು, ದೀಪ ಹಾಕಿ ಕುಳಿತವರು.
ನಿದ್ದೆಯಲ್ಲೇ ಕೇಳುತ್ತಿದ್ದರಂತೆ ಇಷ್ಟು ವರ್ಷ.

ಉದ್ದನೆ ಮೊಳೆ, ಗಿಡ್ಡನೆ ಮೊಳೆ,
ಅರೆಮಾತ್ರೆ ಹಿಂದಕ್ಕೆ ಬಾಗಿದ ಮೊಳೆ.
ಮೌನಕ್ಕೆ ಮಾತ್ರ ಮೊಳೆಯಿಲ್ಲ.
ಅದನ್ನು ಎಣಿಸಿ ಬಿಡಬೇಕು, ಬಿಟ್ಟದ್ದು ಮರೆಯಬಾರದು.

ಡಿಸೆಂಬರಿನಲ್ಲಿ ತಪ್ಪು ಬಂತು.
ಇರುಳು ಕೊರೆಯತೊಡಗಿದ ಮೇಲೆ, ಮೂರೂ ಮುಕ್ಕಾಲಿಗಂತೂ ತಪ್ಪದೆ,
ಒಂದು ಸ್ವರ ತಡವಾಗಿ
ಚಪ್ಪಲಿ ಕೈಯಲ್ಲಿ ಹಿಡಿದು ಒಳನುಸುಳುತ್ತಿತ್ತು.
ಹಗಲಿನ ಮುಕ್ಕಾಲುಗಳೆಲ್ಲ ಇಸ್ತ್ರಿ ಹಾಕಿದಷ್ಟು ನೆಟ್ಟಗೆ.
ಆ ಹೊತ್ತಿಗೆ ಎದ್ದಿರುವವನು ಬೇಕರಿಯ ಯೆಲ್ಮರ್ ಒಬ್ಬನೇ;
ಬ್ರೆಡ್ಡು ಕಟ್ಟಿಕೊಡುತ್ತ "ನಿಮ್ಮ ಗಂಟೆಗೆ ಬಿಕ್ಕಳಿಕೆ" ಎಂದ.
ಮೂರು ರಾತ್ರಿ ಟಾರ್ಚು ಹಿಡಿದು ಮೊಳೆ ಎಣಿಸಿದೆ,
ಬರೆದುಕೊಂಡ ಹಾಳೆಯೊಡನೆ ಸಾಲುಸಾಲು ತಾಳೆ ನೋಡಿದೆ.
ಎಲ್ಲ ಸರಿ. ಎಲ್ಲ ಸರಿಯಿರುವುದಕ್ಕಿಂತ
ದೊಡ್ಡ ಅವಮಾನ ನನ್ನ ಕಸುಬಿನಲ್ಲಿಲ್ಲ.

ನಾಲ್ಕನೆಯ ರಾತ್ರಿ ಲಿಯೂವ ಬಂದ. ಉರುಳೆಯ ಕಡೆ ನೋಡಲಿಲ್ಲ.
ಕೈಗವಸು ಕಳಚಿ, ಮೇಲಕ್ಕೆ ಹೋಗುವ ತಂತಿಗಳನ್ನು
ಜ್ವರ ಬಂದ ಹಸುವಿನ ಕಿವಿ ಮುಟ್ಟುವಂತೆ ಒಂದೊಂದೇ ಮುಟ್ಟಿದ.
ಹನ್ನೊಂದನೆಯದರಲ್ಲಿ ನಿಂತ.
"ವೀಟ್‌ಸ್ಕೆ, ಬರೆದದ್ದು ಸರಿಯಾಗಿದೆ. ಇದಕ್ಕೆ ಚಳಿ."
ಹೋದ ಬೇಸಿಗೆಯಲ್ಲಿ ಕಟ್ಟಿದ ತಂತಿ;
ಹಿಮ ಬಿದ್ದೊಡನೆ ಕುಗ್ಗಿ
ಸುತ್ತಿಗೆಯನ್ನು ಕೂದಲೆಳೆಯಷ್ಟು ಸೆಳೆದಿಡುತ್ತಿತ್ತು.
ತಿರುಪನ್ನು ಕಾಲು ಸುತ್ತು ಸಡಿಲಿಸಿದ. ಅಷ್ಟೇ.

ಇದಾಗಿ ಒಂದು ವಾರ,
ನಾಲ್ಕನೆಯ ತೊಟ್ಟಿ ಕತ್ತಲಲ್ಲಿ ಕೂಗಿಕೊಂಡಿತು.
ಪರದೆಯ ಮೇಲೆ ಫೋಕೆಲಿನಾ ಆಗಲೇ ನನ್ನ ಸಾಲುಗಳನ್ನು
ಬಿಡಿಸಿ ಹರವಿದ್ದಳು, ಮೀನಿನ ಮುಳ್ಳು ಹುಡುಕುವವರ ಹಾಗೆ.
ನಾನು ಕೋಟು ಹಾಕಿ ಹೊರಗೆ ಹೋದೆ.
ಅಂಗಳದಲ್ಲಿ ಹಿಮ. ತಾಪಮಾಪಕದ ತಂತಿಗೆ ಬೆರಳಿಟ್ಟೆ,
ಕಿವಿ ಮುಟ್ಟುವಂತೆ, ಹಾಗೇ ಕೊಳವೆಗುಂಟ ಮುಂದಕ್ಕೆ,
ಮುಂದಕ್ಕೆ.
ದೂರದ ಗೋಪುರದಲ್ಲಿ ಮುಕ್ಕಾಲು ಹೊಡೆಯತೊಡಗಿತು.
ಆ ಸ್ವರಕ್ಕಾಗಿ ಉಸಿರು ಹಿಡಿದೆ.
ಬಂತು. ತನ್ನ ಜಾಗದಲ್ಲಿ.
ಬೆರಳಿನಡಿಯಲ್ಲಿ ತಂತಿ ಸಡಿಲವಿತ್ತು.