ಬಾಗಿಲ ಬಳಿಯ ಚೀಟಿ

ಹಲ್ ಪಟ್ಟಣದಲ್ಲಿ ನವೆಂಬರು: ಮೂರೂಕಾಲಿಗೇ ಮಬ್ಬು.
ಕೋಟಿನ ಗುಂಡಿ ಹಾಕುತ್ತಲೇ ಒಬ್ಬೊಬ್ಬರೂ
ಕೈಗಿತ್ತು ಹೋಗುತ್ತಾರೆ ಚೀಟಿ.
ಪ್ರಶ್ನೆ ಒಂದೇ:
ಮೂಲೆಯ ಮೇಲೆ ನಿಂತರೂ ಚೌಕ ಚೌಕವೇ?

ಅಲ್ಲ, ಡೈಮಂಡು: ಹದಿನೇಳು ಮಂದಿ.
ಹೌದು ಎಂದವರು ಆರು, ಅದರಲ್ಲಿ ಮೂರು
ಪಕ್ಕದ ಚೀಟಿಯ ಕೃಪೆ.
ಓರ್ಲಾ ಅದಕ್ಕೊಂದು ಬಾಲ ಬರೆದು
ಗಾಳಿಪಟ ಹಾರಿಸಿದ್ದಾಳೆ.

ಎಲ್ವಿನ್ ಏನೂ ಬರೆದಿಲ್ಲ.
ನನ್ನ ಅಂಗೈ ಮೇಲಿಟ್ಟ ಚೀಟಿಯನ್ನು
ಮೆಲ್ಲಗೆ ತಿರುಗಿಸಿದ.
ಚೌಕ ನೆಟ್ಟಗೆ ಕೂತಿತು,
ಚೀಟಿ ಡೈಮಂಡಾಯಿತು.
ಮೂಗೊರೆಸಿಕೊಂಡು ಓಡಿದ,
ಬಸ್ಸಿಗೆ ಹೊತ್ತಾಗಿತ್ತು.

ಈಗ ಮೇಜಿನ ಮೇಲೆ ಎರಡೇ ಗುಡ್ಡೆ:
ಬಂತು, ಬರಲಿಲ್ಲ.
ಏನೂ ಬರೆಯದ ಆ ಚೀಟಿ
ಬೆರಳಲ್ಲೇ ಉಳಿದು
ತಿರುಗುತ್ತಿದೆ, ತಿರುಗುತ್ತಿದೆ;
ಜವಾನ ದೀಪ ಆರಿಸುತ್ತ ಬಂದ.